ರೋಗಿಯ ಮಂಚ ಮತ್ತು ಸೂರಃ ಅಲ್ ಮಾಊನ್

ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯ ಅಲ್ ಮಾಊನ್. ಏಳೇ ಸೂಕ್ತಗಳ ಈ ಅಧ್ಯಾಯವನ್ನು ನಾವು ನಮಾಝಿನಲ್ಲಿ ಅದೆಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ನಿತ್ಯೋಪಯೋಗದ ಸಣ್ಣಪುಟ್ಟ ವಸ್ತುಗಳನ್ನೂ ಇನ್ನೊಬ್ಬರಿಗೆ ಕೊಡದೆ ತಡೆಹಿಡಿಯುವವರನ್ನು ಅದರ ಕೊನೆಯ ಸೂಕ್ತ ಖಂಡಿಸುತ್ತದೆ. 'ಮಾಊನ್' ಎಂದರೆ ಝಕಾತ್ ಎಂದು ಕೆಲವು ಸಹಾಬಿಗಳು ಹೇಳಿದ್ದಾರೆ. ಹಝ್ರತ್ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರವರಾದರೋ ಜನರು ಪರಸ್ಪರ ಎರವಲು ಕೊಡುವ ಪಾತ್ರೆ, ಕೊಡಲಿ, ಬಾವಿಯ ಬಕೀಟುಗಳನ್ನು ಹೆಸರಿಸಿದ್ದಾರೆ.

ಇಂದು ಕೊಡಲಿ ಕೇಳಲು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಹಾಗಾದರೆ ಇಂದಿನ 'ಮಾಊನ್' ಯಾವುದು?

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನ ಹೆಸರನ್ನು ಓದುಗರು ಕೇಳಿರಬಹುದು. 615 ಎಕರೆಯಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡದ್ದು ಅಲ್ಲಿಯೇ. ಆ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಪಾರ್ಶ್ವವಾಯು ಬಡಿದ ತಾಯಿ ತುಮಕೂರಿನ ಆಸ್ಪತ್ರೆಯಲ್ಲಿದ್ದಾರೆ. "ಇನ್ನು ಮನೆಯಲ್ಲೇ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲಿ ಮಲಗಿಸುವುದು? ನೆಲದ ಚಾಪೆಯಿಂದ ದಿನಕ್ಕೆ ಹತ್ತು ಬಾರಿ ಎತ್ತಿದರೆ ವಾರದೊಳಗೆ ಸೊಸೆಯ ಸೊಂಟ ಬೀಳುತ್ತದೆ. ಮಲಗಿದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮಗ ಅಂಗಡಿಗೆ ಓಡುತ್ತಾನೆ, ಮೋಟಾರಿನ ಮಂಚದ ಬೆಲೆ ಕೇಳುತ್ತಾನೆ, ಬಡ್ಡಿ ಸಾಲದ ಯೋಚನೆಗೆ ಬೀಳುತ್ತಾನೆ.

ಸಹೋದರರೇ, ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ವೃದ್ಧ ತಂದೆತಾಯಿಗಳ ಮುಂದೆ 'ಛೆ' ಎಂದೂ ಅನ್ನಬಾರದೆಂದು ಬನೀ ಇಸ್ರಾಈಲ್ ಅಧ್ಯಾಯವು ಕಲಿಸುತ್ತದೆ, ನಿಜ. ಆದರೆ ಬಡ್ಡಿಯ ಹಣದಿಂದ ಆ ಕರ್ತವ್ಯ ನೆರವೇರಬೇಕೆಂದು ಯಾರೂ ಹೇಳಿಲ್ಲ. ಮೋಟಾರಿಲ್ಲದ, ಕೈಯಿಂದ ಹಿಡಿ ತಿರುಗಿಸುವ ಮಂಚವೇ ಹೆಚ್ಚಿನ ಮನೆಗಳಿಗೆ ಸಾಕು. ಅಂಗಡಿಯವರು 'ಸೆಮಿ ಫೌಲರ್' ಎನ್ನುವುದು ತಲೆಯ ಭಾಗ ಮಾತ್ರ ಏಳುವ ಮಂಚವನ್ನು. 'ಫುಲ್ ಫೌಲರ್'ನಲ್ಲಿ ಮಂಡಿಯ ಭಾಗವೂ ಏಳುತ್ತದೆ. (ರೋಗಿಯನ್ನು ಒರಗಿಸಿ ಕೂರಿಸುವ ಈ ಭಂಗಿಗೆ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೌಲರ್‌ನ ಹೆಸರು ಬಂದಿದೆ.) ಸುಮಾರು ಮೂರು ಅಡಿ ಅಗಲದ ಈ ಮಂಚ ನಮ್ಮ ಹಳ್ಳಿಮನೆಯ ಬಾಗಿಲಲ್ಲಿ ತೂರುವುದೇ ಎಂದು ಮೊದಲೇ ಅಳೆದುಕೊಳ್ಳಿ. ಚಕ್ರಗಳ ಬೀಗ, ಪಕ್ಕದ ಕಟಕಟೆ ಗಟ್ಟಿಯಾಗಿವೆಯೇ ನೋಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಂಚಕ್ಕಿಂತಲೂ ಮುಖ್ಯವಾದುದು ಮಗ್ಗುಲು ಬದಲಿಸುವುದು. ಅಲುಗಾಡಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಒಮ್ಮೆ ಎದ್ದ ಆ ಹುಣ್ಣು ಬೇಗನೆ ಮಾಯುವುದಿಲ್ಲ. ಗಾಳಿ ಹಾಸಿಗೆ ಒಳ್ಳೆಯದೇ, ಆದರೆ ಅದರ ಪಂಪಿಗೆ ಸದಾ ಕರೆಂಟು ಬೇಕು. ನಮ್ಮ ಕಡೆ ಕರೆಂಟಿನ ಸ್ಥಿತಿ ನಿಮಗೇ ಗೊತ್ತು. ಗಾಳಿ ಹಾಸಿಗೆ ಇದೆಯೆಂದು ಹೊರಳಿಸುವುದನ್ನು ಬಿಡುವಂತೆಯೂ ಇಲ್ಲ. ಮಂಚ ಸಿಗುವವರೆಗೆ ಮನೆಯ ಕುರ್ಚಿಯನ್ನೇ ಹಾಸಿಗೆಯ ತಲೆಯ ಕಡೆ ಬೋರಲು ಹಾಕಿ, ಅದರ ಇಳಿಜಾರಿಗೆ ದಿಂಬುಗಳನ್ನಿಟ್ಟರೆ ಒರಗಿಸಿ ಊಟ ಮಾಡಿಸಬಹುದು. ಊಟದ ನಂತರ ಅರ್ಧ ಗಂಟೆ ಹಾಗೆಯೇ ಇರಲಿ.

ಕೆಲವೇ ವಾರಗಳ ಅಗತ್ಯವಾದರೆ ಬಾಡಿಗೆ ಮೇಲು. ತಿಂಗಳುಗಟ್ಟಲೆಯಾದರೆ ಬಾಡಿಗೆಯ ಮೊತ್ತ ಬೆಳೆಯುತ್ತಾ ಹೋಗುತ್ತದೆ, ಆಗ ಬಳಸಿದ ಮಂಚ ಕೊಳ್ಳುವುದು ಲಾಭ. ಮಾರುವವರಿಗೂ ಒಂದು ಮಾತಿದೆ. ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ತೇವವನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ತಿರುಗಣೆ ಸವೆದ ಮಂಚಕ್ಕೆ ಹೊಸ ಬಣ್ಣ ಬಳಿದು ಮಾರುವವನು ಇದನ್ನು ನೆನಪಿಸಿಕೊಳ್ಳಲಿ.

ಈಗ ನಮ್ಮ ಮಸೀದಿಗಳ ಕಡೆ ಬರೋಣ. ಪ್ರತಿಯೊಂದು ಜಮಾಅತಿನಲ್ಲೂ ಮೃತರನ್ನು ಒಯ್ಯುವ ಜನಾಝಾ ಮಂಚವಿದೆ. ಹಲವೆಡೆ ಮದುವೆಗೆ ಬೇಕಾಗುವ ದೊಡ್ಡ ದೇಗ್‌ಗಳೂ ಇವೆ. ಆದರೆ ಬದುಕಿರುವ ರೋಗಿಗೆ ಒಂದು ಮಂಚ ಎಷ್ಟು ಕಡೆ ಇದೆ? ಚರ ವಸ್ತುಗಳ ವಕ್ಫ್ ಬಗ್ಗೆ ಚರ್ಚಿಸುವಾಗ ಹನಫಿ ವಿದ್ವಾಂಸ ಇಮಾಮ್ ಮುಹಮ್ಮದ್(ರ)ರವರು, ಜನರಲ್ಲಿ ರೂಢಿಯಲ್ಲಿರುವ ಅಂತಹ ವಕ್ಫ್‌ಗೆ ಅನುಮತಿ ನೀಡಿದ್ದಾರೆ. ಕೊಡಲಿ, ಗುದ್ದಲಿ, ಕಡಾಯಿ, ಜನಾಝಾ ಮಂಚ ಫಿಕ್ಹ್ ಗ್ರಂಥಗಳು ಕೊಡುವ ಉದಾಹರಣೆಗಳಾಗಿವೆ. ಇವುಗಳ ಸಾಲಿಗೆ ರೋಗಿಯ ಮಂಚವನ್ನು ಸೇರಿಸಲು ನಮ್ಮ ಉಲಮಾಗಳಿಗೆ ಕಷ್ಟವಾಗಲಾರದು. ಝಕಾತ್ ಹಣದಿಂದ ಕೊಳ್ಳಬಹುದೇ? ಹನಫಿ ಮದ್‌ಹಬ್‌ನಲ್ಲಿ ಝಕಾತ್ ಅರ್ಹ ವ್ಯಕ್ತಿಯ ಒಡೆತನಕ್ಕೆ ಸೇರಲೇಬೇಕು; ಕಮಿಟಿಯ ಮಂಚ ಯಾರ ಒಡೆತನಕ್ಕೂ ಸೇರುವುದಿಲ್ಲ. ಆದ್ದರಿಂದ ಇದಕ್ಕೆ ಸದಕಃ ಮತ್ತು ದಾನದ ಹಣವೇ ಯುಕ್ತ. ಬಡ ರೋಗಿಯ ಕೈಗೇ ಝಕಾತ್ ಕೊಟ್ಟು ಅವನೇ ಮಂಚ ಕೊಂಡರೆ ಅದು ಬೇರೆ ಮಾತು.

ಇದು ಬರೀ ಕನಸಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಕಾರ್ಯ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಅಲ್ಲಿನ ಊರ ಘಟಕಗಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವುದರ ಜತೆಗೆ ಮಂಚ, ಗಾಲಿಕುರ್ಚಿಗಳನ್ನು ಎರವಲು ಕೊಡುತ್ತವೆ. ಕಾಸರಗೋಡಿನ ಕನ್ನಡಿಗ ಓದುಗರಿಗೆ ಇದು ಹೊಸತಲ್ಲ.

ಎರವಲು ಪಡೆದವರ ಹೊಣೆಯೂ ಸಣ್ಣದಲ್ಲ. ಹುನೈನ್ ಯುದ್ಧಕ್ಕೆ ಮುನ್ನ ಪ್ರವಾದಿಯವರು(ಸ) ಸಫ್ವಾನ್ ಬಿನ್ ಉಮಯ್ಯಾರಿಂದ ಕವಚಗಳನ್ನು ಎರವಲು ಪಡೆದರು. ಸಫ್ವಾನ್ ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಕೆಲವು ಕವಚಗಳು ಕಳೆದುಹೋದಾಗ ಪ್ರವಾದಿಯವರು(ಸ) ನಷ್ಟ ತುಂಬಿಕೊಡಲು ಮುಂದಾದರು. ನಾವಾದರೋ ರೋಗಿ ಗುಣವಾದ ಮೇಲೆ ಅಥವಾ ತೀರಿಕೊಂಡ ಮೇಲೆ ಮಂಚವನ್ನು ಹಿತ್ತಿಲಿನಲ್ಲಿ ತುಕ್ಕು ಹಿಡಿಯಲು ಬಿಟ್ಟುಬಿಡುತ್ತೇವೆ. ಸೋಪಿನ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ ಹಿಂದಿರುಗಿಸಲು ಅರ್ಧ ದಿನ ಸಾಕು.

ಮಂಚವನ್ನು ಯಾವ ದಿಕ್ಕಿಗೆ ಹಾಕಬೇಕೆಂದೂ ಜನ ಕೇಳುತ್ತಾರೆ. ಕುಳಿತು ನಮಾಝ್ ಮಾಡಲಾಗದ ರೋಗಿಯು ಅಂಗಾತ ಮಲಗಿ, ಕಾಲು ಕಿಬ್ಲಾದ ಕಡೆಗಿದ್ದು, ತಲೆ ಎತ್ತರಿಸಿಕೊಂಡರೆ ಮುಖ ಕಿಬ್ಲಾಕ್ಕೆ ತಿರುಗುತ್ತದೆ ಎಂಬುದು ಹನಫಿ ವಿಧಾನ. ಮಗ್ಗುಲಾಗಿ ಮಲಗಿಯೂ ಮಾಡಬಹುದು. ತಲೆ ಏಳುವ ಮಂಚದಲ್ಲಿ ಮೊದಲನೆಯದು ಎಷ್ಟು ಸುಲಭವೆಂದು ನೀವೇ ಯೋಚಿಸಿ.

ಜಮಾಅತಿನ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುವವರು ಒಂದು ನೋಟ್ ಪುಸ್ತಕವನ್ನೂ ಜತೆಗೆ ಒಯ್ಯಲಿ. ಮಂಚ ಕೊಟ್ಟ ದಿನ, ಮರಳಿದ ದಿನ, ಹಿಡಿ ಮತ್ತು ಚಕ್ರಗಳ ಸ್ಥಿತಿ, ಇಷ್ಟು ಬರೆದುಕೊಂಡರೆ ಸಾಕು. ಕೇಳಿ ಬಂದವರು ಯಾವ ಮತದವರೆಂದು ಬರೆಯಲು ಅದರಲ್ಲಿ ಕಾಲಂ ಬೇಕಾಗಿಲ್ಲ.