ಹನ್ನೊಂದನೆಯ ಕಲಂ

ಮಗೂ,

ಕಥಾಸಂಕಲನದ ಕರಾರುಪತ್ರ ಕಳಿಸಿ, "ಒಂದ್ಸಲ ಕಣ್ಣಾಡಿಸಿ ಮಾಮ, ನಾಳೆ ಸಹಿ ಹಾಕ್ತೀನಿ" ಅಂದಿದ್ದೀಯ. ಕಣ್ಣಾಡಿಸಿದೆ. ನಾಳೆ ಹಾಕಬೇಡ.

ಮೊದಲಿಗೆ ಒಳ್ಳೆಯ ಮಾತು. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೇ ಅಚ್ಚಾಗಿಬಿಡುತ್ತವೆ. ಕೈಗೆ ಒಂದಿಷ್ಟು ಪ್ರತಿ ಬಂದರೆ ಅದೇ ಗೌರವಧನ. ನಿನ್ನ ಪ್ರಕಾಶಕರು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ, ರಾಯಧನದ ಲೆಕ್ಕವೂ ಸರಿಯಾಗಿದೆ. ನನಗೆ ತೊಡಕೆನಿಸಿದ್ದು ಹನ್ನೊಂದನೆಯ ಕಲಂ. ಕೃತಿಯನ್ನು ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಯಾವುದೇ ಉದ್ದೇಶಕ್ಕೆ ಬಳಸುವ ಹಾಗೂ ಇತರರಿಗೆ ಬಳಸಲು ಕೊಡುವ ಹಕ್ಕು ಪ್ರಕಾಶಕರದ್ದು, ಅದೂ ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ ಎಂದಿದೆ. ಪೂರ್ಣ ಅವಧಿ ಎಂದರೆ ನೀನು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ. ಹಿಂದೆ ಇಂಥ ಸಾಲು ಕಂಡರೆ ಇ-ಬುಕ್ಕಿಗೋ ಆಡಿಯೋ ಪುಸ್ತಕಕ್ಕೋ ಇರಬೇಕು ಅಂದುಕೊಂಡು ಪುಟ ತಿರುಗಿಸುತ್ತಿದ್ದೆವು. ಈಗ ಅದೇ ಸಾಲಿನ ಬಲದಿಂದ ಪುಸ್ತಕಗಳು ಎಐ ಕಂಪನಿಗಳಿಗೆ, ಅವುಗಳ ಯಂತ್ರಕ್ಕೆ ಕಲಿಸಲೆಂದು, ಹೋಗಬಹುದು.

ಹೋಗಿಯೂ ಇವೆ. ಟೇಲರ್ ಅಂಡ್ ಫ್ರಾನ್ಸಿಸ್ ಗೊತ್ತಲ್ಲ, ನಮ್ಮ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಲೇಖನ ಅಚ್ಚಾಗಲಿ ಎಂದು ಹಂಬಲಿಸುವ ರೂಟ್ಲೆಜ್ ಇದರದೇ ಅಂಗ. ಅದರ ಮಾತೃಸಂಸ್ಥೆ ಇನ್ಫಾರ್ಮಾ 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತೇ ಸುಮಾರು ಒಂದು ಕೋಟಿ ಡಾಲರು. ತಮ್ಮ ಬರಹವೂ ಅದರಲ್ಲಿದೆ ಎಂದು ಹಲವು ಲೇಖಕರಿಗೆ ತಿಳಿದದ್ದು ಆಮೇಲೆ, ಬೇರೆಯವರ ಬಾಯಿಂದ. ಕೂಗಾಡಿದರು. ಆದರೆ ಹಕ್ಕನ್ನೆಲ್ಲ ಬರೆದುಕೊಟ್ಟು ಎಷ್ಟೋ ವರ್ಷವಾಗಿತ್ತು. ಪ್ರಕಾಶಕರು ಕದಿಯಲಿಲ್ಲ ಮಗೂ, ಸಹಿ ಹಾಕಿಸಿಕೊಂಡಿದ್ದರು.

ಅದೇ ವರ್ಷ ನವೆಂಬರಿನಲ್ಲಿ ಹಾರ್ಪರ್‌ಕಾಲಿನ್ಸ್ ಬೇರೆ ದಾರಿ ಹಿಡಿಯಿತು. ಹಳೆಯ ಕೆಲವು ಪುಸ್ತಕಗಳಿಗೆ ತಲಾ 5,000 ಡಾಲರು, ಅರ್ಧ ಲೇಖಕರಿಗೆ, ಅರ್ಧ ಪ್ರಕಾಶಕರಿಗೆ, ಮೂರು ವರ್ಷದ ಪರವಾನಗಿ. ಒಪ್ಪುವುದು ಬಿಡುವುದು ಲೇಖಕರ ಇಷ್ಟ. ಡೇನಿಯಲ್ ಕಿಬಲ್‌ಸ್ಮಿತ್ ಎಂಬ ಅಮೆರಿಕದ ಲೇಖಕ, ಒಪ್ಪಿಗೆ ಕೇಳಿ ತನಗೆ ಬಂದ ಪತ್ರವನ್ನೇ ಬಹಿರಂಗಪಡಿಸಿ, ತನಗೆ ಬೇಡ ಎಂದ. ಆತನ ಸಿಟ್ಟಿಗಿಂತ ಆ ಪತ್ರವೇ ನನಗೆ ಮುಖ್ಯವಾಗಿ ಕಂಡದ್ದು. ಬೇಡ ಅನ್ನಬೇಕಾದರೂ ಮೊದಲು ಯಾರಾದರೂ ಕೇಳಬೇಕಲ್ಲ. ಎರಡೂವರೆ ಸಾವಿರ ಡಾಲರು ಹೆಚ್ಚೋ ಕಡಿಮೆಯೋ ಎಂಬುದು ಆಮೇಲಿನ ಮಾತು.

ಆ ಮೂರು ವರ್ಷದ ಬಗ್ಗೆಯೂ ಯೋಚಿಸು. ಹೊಲ ಗುತ್ತಿಗೆಗೆ ಕೊಟ್ಟರೆ ಅವಧಿ ಮುಗಿದ ಮೇಲೆ ಹೊಲ ಹಾಗೇ ಕೈಸೇರುತ್ತದೆ. ಎಐ ವಿಷಯದಲ್ಲಿ ಹಾಗಾಗುವುದಿಲ್ಲ. ಯಂತ್ರ ನಿನ್ನ ಕಥೆಯನ್ನು ತುಂಡುತುಂಡಾಗಿ ಓದಿ, ಯಾವ ಪದದ ನಂತರ ಯಾವುದು ಬರುತ್ತದೆಂದು ಕಲಿತು, ತನ್ನೊಳಗಿನ ಕೋಟ್ಯಂತರ ಅಂಕಿಗಳನ್ನು ಕೊಂಚ ಕೊಂಚ ತಿದ್ದಿಕೊಳ್ಳುತ್ತದೆ. ಅವಧಿ ತೀರಿದ ಮೇಲೆ ಮೂಲಪ್ರತಿ ಅಳಿಸಬಹುದು. ಆದರೆ ಕಲಿತದ್ದನ್ನು ಮರೆಸುವ ಸುಲಭದ ದಾರಿ ಇನ್ನೂ ಇಲ್ಲ. ಹಾಗಾಗಿ ಒಂದು ಸಲ ಕೊಟ್ಟರೆ ಕೊಟ್ಟಂತೆಯೇ ಎಂದುಕೊಂಡು ಬೆಲೆ ಕಟ್ಟು.

ನಿನ್ನ ಸ್ನೇಹಿತೆ ಹೇಳಿದ 150 ಕೋಟಿ ಡಾಲರಿನ ಸುದ್ದಿ ನಿಜ. 2025ರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ, ತಮ್ಮ ಪುಸ್ತಕಗಳ ಬಳಕೆಗಾಗಿ ದಾವೆ ಹೂಡಿದ್ದ ಅಮೆರಿಕದ ಲೇಖಕರೊಡನೆ ರಾಜಿಯಾಯಿತು, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರು. ಅದಕ್ಕೂ ಮೊದಲು ನ್ಯಾಯಾಧೀಶ ವಿಲಿಯಂ ಆಲ್ಸಪ್, ಆ ಪುಸ್ತಕಗಳಿಂದ ಯಂತ್ರಕ್ಕೆ ಕಲಿಸಿದ್ದು ತಪ್ಪಲ್ಲ, ಆದರೆ ಕಳ್ಳಪ್ರತಿಗಳನ್ನು ಇಳಿಸಿಕೊಂಡು ಕೂಡಿಟ್ಟದ್ದಕ್ಕೆ ಆ ಮಾತು ಅನ್ವಯಿಸದು ಎಂದಿದ್ದರು. ನಮ್ಮವರು ಗಮನಿಸಬೇಕಾದ್ದು ಬೇರೆ. ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ನೋಂದಾಯಿಸಿದ ಪುಸ್ತಕಗಳಿಗಷ್ಟೇ ಆ ಹಣ. ಕನ್ನಡದ ಪುಸ್ತಕವನ್ನು ಅಲ್ಲಿ ಯಾರು ನೋಂದಾಯಿಸಿರುತ್ತಾರೆ? ನಮ್ಮ ದೇಶದಲ್ಲಿ ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಆ ಹಂಚಿಕೆಯಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ.

ನಮ್ಮ 1957ರ ಕಾಯ್ದೆ ಲೇಖಕರ ಪರವಾಗಿಯೇ ಇದೆ, ಓದುವವರು ಕಡಿಮೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಇನ್ನೂ ಬಲವಾದದ್ದು: ಸಹಿ ಹಾಕಿದಾಗ ಇರದಿದ್ದ ಅಥವಾ ವ್ಯಾಪಾರದಲ್ಲಿ ಬಳಕೆಯಾಗದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದ ಹೊರತು, ಹಕ್ಕು ಹೋಗುವುದಿಲ್ಲ. ಎಐ ತರಬೇತಿ ಇದರಡಿ ಬರುತ್ತದೋ ಇಲ್ಲವೋ ಎಂದು ವಕೀಲರು ವಾದಿಸಿಕೊಳ್ಳಲಿ. ನಿನ್ನ ಅಜ್ಜನ ಹಳೆಯ ನಾಟಕಗಳಿಗೆ ಇಂಥ ನೆರಳು ಸಿಕ್ಕರೂ ಸಿಗಬಹುದು, ನಿನಗೆ ಸಿಗದು. ನೀನು ಸಹಿ ಹಾಕುತ್ತಿರುವುದು ಈ ವ್ಯಾಪಾರ ಕಣ್ಣೆದುರೇ ನಡೆಯುತ್ತಿರುವಾಗ.

ಇದೇ ವಿಷಯಕ್ಕೆ ನಮ್ಮಲ್ಲೂ ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಓಪನ್‌ಎಐ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹಾಕಿದೆ. ಕೇಂದ್ರದ ಸಮಿತಿಯೊಂದು, ಎಐ ಕಂಪನಿಗಳು ಎಲ್ಲರ ಬರಹ ಬಳಸಲಿ, ರಾಯಧನ ಕೊಡಲಿ, ಆದರೆ ಲೇಖಕರು ಬೇಡ ಅನ್ನುವಂತಿಲ್ಲ ಎಂಬ ಪ್ರಸ್ತಾವ ಮುಂದಿಟ್ಟಿದೆ. ಬೇಡ ಅನ್ನುವ ಹಕ್ಕು ಹೋದ ಮೇಲೆ ಬರುವ ಚಿಲ್ಲರೆ ಕಾಸಿನ ಮೇಲೆ ನನಗೆ ಆಸೆಯಿಲ್ಲ.

ಹಾಗಂತ ನಾನು ಯಂತ್ರದ್ವೇಷಿಯಲ್ಲ. ಒಳ್ಳೆಯ ಕನ್ನಡ ಸಿಗದಿದ್ದರೆ ಯಂತ್ರ ಜಾಹೀರಾತಿನ ಕನ್ನಡವನ್ನೇ ಕಲಿತು ನಮ್ಮ ಮೊಮ್ಮಕ್ಕಳಿಗೆ ಕಲಿಸುತ್ತದೆ. ಬಂದು ಕೇಳಿದರೆ ನನ್ನ ಪ್ರಬಂಧಗಳನ್ನು ಕೊಟ್ಟೇನು. ನಿನ್ನ ಕಥೆಗಳ ಮಾತು ನಿನಗೆ ಬಿಟ್ಟದ್ದು.

ಹನ್ನೊಂದನೆಯ ಕಲಮಿನ ಕೆಳಗೆ ಇಷ್ಟು ಸೇರಿಸಲು ಕೇಳು: "ಲೇಖಕಿಯ ಪ್ರತ್ಯೇಕ ಲಿಖಿತ ಒಪ್ಪಿಗೆಯಿಲ್ಲದೆ ಈ ಕೃತಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಕೊಡತಕ್ಕದ್ದಲ್ಲ, ಒಪ್ಪಿಗೆಯ ಮೇಲೆ ಕೊಟ್ಟಲ್ಲಿ, ಬಂದ ಹಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಲೇಖಕಿಗೆ ಸಲ್ಲತಕ್ಕದ್ದು." ಪೂರ್ಣ ಅವಧಿ ಎಂಬುದನ್ನು ಹೊಡೆದು ಏಳೋ ಹತ್ತೋ ವರ್ಷ ಮಾಡಿಸು. ಸಂಕೋಚ ಬೇಡ, ಕರಾರು ತಿದ್ದಲು ಕೇಳಿದರೆ ಯಾವ ಪ್ರಕಾಶಕರೂ ಮುನಿಸಿಕೊಂಡು ಪುಸ್ತಕ ವಾಪಸ್ ಕಳಿಸುವುದಿಲ್ಲ. ಕಳಿಸಿದರೆ ನನಗೆ ಫೋನ್ ಮಾಡು, ಬೇರೆ ಪ್ರಕಾಶಕರಿದ್ದಾರೆ.