ತಿರುಗುವ ಸ್ಟ್ಯಾಂಡಿಗೆ ಕಬ್ಬಿಣ ಕೊಳ್ಳುವ ಮೊದಲು

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರ ‘ಪಯಣ’ ಕಾರ್ ಮ್ಯೂಸಿಯಂ ನೋಡಿ ಬಂದವರಿಗೆ ಮನೆಯ ಶೆಡ್ಡಿನಲ್ಲಿ ನಿಂತುಹೋದ ತಾತನ ಅಂಬಾಸಿಡರ್ ನೆನಪಾಗುತ್ತದೆ. ಅಂಥವರು ಇಲವಾಲದ ನಮ್ಮ ಗ್ಯಾರೇಜಿಗೆ ಬಂದು ಮೊದಲು ಕೇಳುವುದು ಬಣ್ಣದ ವಿಚಾರ. ನಾನು ಮ್ಯಾಟ್ ಎತ್ತಿ ಫ್ಲೋರ್ ತೋರಿಸುತ್ತೇನೆ. 2014ರವರೆಗೂ ತಯಾರಾದ ಈ ಗಾಡಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಫ್ಲೋರ್ ತುಕ್ಕು ತಿಂದಿದ್ದರೆ ಮೇಲಿನ ಪೇಂಟ್ ಎಷ್ಟು ಮಿಂಚಿದರೂ ಗಾಡಿ ಉಳಿಯುವುದಿಲ್ಲ. ಅಡಿಭಾಗ ಸರಿಯಾಗಿ ಮಾಡಬೇಕೆಂದರೆ ಬಾಡಿಯನ್ನು ಎರಡು ತುದಿಯಲ್ಲಿ ಹಿಡಿದು ಮಗ್ಗುಲಿಗೆ ತಿರುಗಿಸುವ ಸ್ಟ್ಯಾಂಡ್ ಬೇಕು. ಅದನ್ನು ಕಟ್ಟುತ್ತಾ ಕಲಿತದ್ದು ಇಷ್ಟು.

1. ಕಬ್ಬಿಣದ ದಪ್ಪಕ್ಕಿಂತ ಮೊದಲು ಭಾರದ ನಡುಬಿಂದು. ‘ಹೆವಿ ಡ್ಯೂಟಿ’ ಎಂದರೆ ದಪ್ಪ ಪೈಪು ಎಂದೇ ಎಲ್ಲರೂ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಗಾಜು ಎಲ್ಲ ಬಿಚ್ಚಿದ ಬಾಡಿ 350 ಕೆಜಿ ಇದೆ ಎನ್ನಿ. ತಿರುಗುವ ಅಕ್ಷದಿಂದ ಭಾರದ ನಡು 10 ಸೆಂಮೀ ಆಚೆಗಿದ್ದರೆ, ಮಗ್ಗುಲಾದಾಗ ಅದನ್ನು ತಡೆಯಲು ಒಂದು ಮೀಟರ್ ಹಿಡಿಯ ತುದಿಯಲ್ಲಿ 35 ಕೆಜಿ ಒತ್ತಬೇಕು. ವ್ಯತ್ಯಾಸ 2 ಸೆಂಮೀಗೆ ಇಳಿದರೆ ಸಾಕು, 7 ಕೆಜಿ. ಒಬ್ಬನೇ ಒಂದು ಕೈಯಲ್ಲಿ ತಿರುಗಿಸಬಹುದು. ಪೈಪು ಎರಡರಷ್ಟು ದಪ್ಪ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ನಡುಬಿಂದು ಹುಡುಕುವುದು ಕಷ್ಟವಲ್ಲ. ಬಾಡಿ ಹಿಡಿಯುವ ಬ್ರಾಕೆಟ್ಟಿಗೆ ಮೇಲೆ ಕೆಳಗೆ ಸರಿಯುವ ಉದ್ದನೆಯ ತೂತು ಇಡಿ. ಚೈನ್ ಪುಲ್ಲಿ ಪೂರ್ತಿ ಬಿಚ್ಚದೆ ಸಡಿಲವಾಗಿಟ್ಟುಕೊಂಡು ಬಾಡಿಯನ್ನು ಸ್ವಲ್ಪವೇ ವಾಲಿಸಿ, ಮೆಲ್ಲಗೆ ಕೈಬಿಡಿ. ವಾಪಸ್ ಬಂದು ನೆಟ್ಟಗೆ ನಿಂತರೆ ಅಕ್ಷ ಭಾರಕ್ಕಿಂತ ಮೇಲಿದೆ. ವಾಲಿದ ಕಡೆಗೇ ಹೋಗುತ್ತಿದ್ದರೆ ಕೆಳಗಿದೆ, ಹಾಗೆ ಬಿಡಲೇಬಾರದು. ನಾನು ಅಕ್ಷವನ್ನು ಕೂದಲೆಳೆಯಷ್ಟು ಮೇಲೆ ಇಡುತ್ತೇನೆ. ತಿರುಗದಂತೆ ಹಿಡಿಯುವ ಲಾಕ್ ಪಿನ್ ಜಾರಿದರೂ ಬಾಡಿ ತಾನಾಗಿ ನೆಟ್ಟಗಾಗಲು ನೋಡುತ್ತದೆ. ಬಾಗಿಲು, ಡಿಕ್ಕಿ ಬಿಚ್ಚಿದರೆ ಅಥವಾ ಮತ್ತೆ ಕೂರಿಸಿದರೆ ನಡು ಬದಲಾಗುತ್ತದೆ, ಆಗ ಇನ್ನೊಮ್ಮೆ ನೋಡಬೇಕು.

2. ಬಿಚ್ಚುವ ಮುನ್ನ ಅಳತೆ, ಕತ್ತರಿಸುವ ಮುನ್ನ ಆಸರೆ. ಬಾಗಿಲ ಕಿಂಡಿಗಳ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು, ಅಳತೆಯನ್ನು ಪಿಲ್ಲರ್ ಮೇಲೆಯೇ ಮಾರ್ಕರಿನಲ್ಲಿ ಬರೆಯಿರಿ. ಆಮೇಲೆ 25 ಮಿಮೀ ಚೌಕ ಪೈಪನ್ನು ಕಿಂಡಿಗೆ ಅಡ್ಡಡ್ಡ ಕೊಟ್ಟು ವೆಲ್ಡ್ ಮಾಡಿ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗವಾದ ಸಿಲ್ಲನ್ನು ಒಂದು ಕಡೆ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಕಡೆ ಮುಟ್ಟಿ. ಎರಡೂ ಒಟ್ಟಿಗೆ ಕತ್ತರಿಸಿದರೆ ನಡುವೆ ಬಾಡಿ ಜಗ್ಗುತ್ತದೆ. ಆಮೇಲೆ ಬಾಗಿಲು ಕೂರಿಸಲು ಯಾವ ಟಿಂಕರಿನಿಂದಲೂ ಆಗದು.

3. ಪಿನ್ ಎರಡೂ ತುದಿಗೆ ಬೇಕು. ಒಂದೇ ತುದಿಗೆ ಲಾಕ್ ಇಟ್ಟ ಸ್ಟ್ಯಾಂಡ್‌ಗಳನ್ನು ಬಹಳ ಕಡೆ ನೋಡುತ್ತೇನೆ. ಫ್ಲೋರ್ ಕತ್ತರಿಸಿದ ಬಾಡಿ ಆಗ ತಿರುಚಿಕೊಳ್ಳುತ್ತದೆ, ಅದೇ ಸ್ಥಿತಿಯಲ್ಲಿ ವೆಲ್ಡ್ ಮಾಡಿದರೆ ತಿರುಚು ಶಾಶ್ವತ. 10 ಮಿಮೀ ಪ್ಲೇಟಿಗೆ ಸುತ್ತ ತೂತು ಕೊರೆಸಿ 16 ಮಿಮೀ ಪಿನ್ ಹಾಕಿ. ಎರಡು ಪ್ಲೇಟನ್ನೂ ಒಟ್ಟಿಗೆ ಹಿಡಿದು ಕೊರೆಸಿದರೆ ತೂತುಗಳು ಒಂದಕ್ಕೊಂದು ಹೊಂದುತ್ತವೆ.

4. ತಿರುಗುವ ಕೀಲಿಗೆ ಪೈಪೊಳಗೆ ಪೈಪು ಸಾಕು. ಹೂಟಗಳ್ಳಿಯಲ್ಲಿ ಆಕ್ಸಲ್ ಕಾರ್ಖಾನೆ ಇರುವ ರಸ್ತೆ ನಮ್ಮದು, ಹಾಗಾಗಿ ಲಾರಿ ಹಬ್ಬು ಬೇರಿಂಗ್ ಸಮೇತ ಹಾಕೋಣ ಎನ್ನುವವರು ಜಾಸ್ತಿ. ದಿನಕ್ಕೆ ನಾಲ್ಕು ಸಲ ನಿಧಾನ ತಿರುಗುವುದಕ್ಕೆ ಅಷ್ಟು ಬೇಡ. 80 ಎನ್‌ಬಿ (ಅಂಗಡಿಯಲ್ಲಿ ಹೇಳುವ ನಾಮಮಾತ್ರದ ಒಳ ಅಳತೆ) ಹೆವಿ ಪೈಪಿನ ಹೊರ ಅಳತೆ 88.9 ಮಿಮೀ, ಗೋಡೆ 4.8 ಮಿಮೀ. ಅದರೊಳಗೆ 76.1 ಮಿಮೀ ಇರುವ 65 ಎನ್‌ಬಿ ಪೈಪು ಕೂರುತ್ತದೆ. ಉಳಿಯುವ ಸುಮಾರು 3 ಮಿಮೀ ಸಡಿಲನ್ನು ಹಾಗೇ ಬಿಡಬೇಡಿ, ತಿರುಗಿಸುವಾಗ ಬಾಡಿ ಅಲುಗಾಡುತ್ತದೆ. ಲೇತ್‌ನವರಿಂದ ಗನ್‌ಮೆಟಲ್ ಬುಶ್ ಕಡೆಸಿ, ಗ್ರೀಸ್ ನಿಪ್ಪಲ್ ಇಡಿ.

5. ದಪ್ಪ ಬೇಕಾದ್ದು ಕಂಬದ ಬುಡಕ್ಕೆ. ಒಂದೊಂದು ಕಂಬದ ಮೇಲೆ 175 ಕೆಜಿ, ಅದೂ ಕಂಬದಿಂದ ಮುಂದಕ್ಕೆ ಚಾಚಿದ ಬ್ರಾಕೆಟ್ಟಿನಲ್ಲಿ. ಒಳಕ್ಕೆ ಬಗ್ಗಿಸುವ ಆ ಒತ್ತಡವೆಲ್ಲ ಬುಡದ ವೆಲ್ಡಿಗೆ ಬರುತ್ತದೆ. 75×75×5 ಚೌಕ ಪೈಪು, ಬುಡಕ್ಕೆ ತ್ರಿಕೋನ ಗಸೆಟ್, ಎರಡು ಕಂಬವನ್ನೂ ಕೂಡಿಸುವ ನೆಲದ ಪೈಪು. ಇಷ್ಟಾದರೆ ಧಾರಾಳ. 7018 ವೆಲ್ಡಿಂಗ್ ರಾಡ್ ಬಳಸುವುದಾದರೆ ಒಣಗಿಸಿ ಬಳಸಿ. ಮುಂಗಾರಿನಲ್ಲಿ ತೆರೆದಿಟ್ಟ ಪ್ಯಾಕೆಟ್ಟಿನ ರಾಡನ್ನು ಈ ಜಾಗಕ್ಕೆ ಮುಟ್ಟಿಸಬೇಡಿ.

6. ಜಾಗದ ಲೆಕ್ಕ. ಅಂಬಾಸಿಡರಿಗೆ ಅಕ್ಷ ನೆಲದಿಂದ ಸುಮಾರು 1.2 ಮೀಟರ್ ಎತ್ತರ ಇಟ್ಟರೆ ಮೂಲೆ ನೆಲಕ್ಕೆ ತಾಗುವುದಿಲ್ಲ. ಉದ್ದಕ್ಕೆ ಆರು ಮೀಟರ್ ಬೇಕು. ಸಾಗಿಸಲು ಚಕ್ರ ಇರಲಿ, ಕೆಲಸ ಮಾಡುವಾಗ ಭಾರ ಬೋಲ್ಟ್ ಕಾಲಿನ ಮೇಲೆ ಕೂರಲಿ. ರಸಮಟ್ಟ ಇಟ್ಟು ಎರಡೂ ಕಂಬ ನೋಡಿ.

7. ಮೊದಲ ಸುತ್ತು ತಿರುಗಿಸುವಾಗ ಕೆಳಗೆ ಟಾರ್ಪಾಲ್ ಹಾಸಿ. ಪೆಟ್ರೋಲ್ ಟ್ಯಾಂಕ್ ಅಷ್ಟರಲ್ಲಿ ಹೊರಗಿರಬೇಕು, ಹುಡುಗರಿಗೆ “ಯಾರೂ ಕೆಳಗೆ ಬರಬೇಡ್ರಪ್ಪಾ” ಎಂದು ಕೂಗಿ ಹೇಳಬೇಕು. ಬಾಡಿ ಮಗ್ಗುಲಾಗುತ್ತಿದ್ದಂತೆ ಸಿಲ್ಲಿನೊಳಗಿಂದ ಸದ್ದು ಶುರುವಾಗುತ್ತದೆ: ಒಣಮಣ್ಣು, ಎಲೆಚೂರು, ಹಳೇ ವಾಷರು, ಕೊನೆಗೆ ಕೆಂಪು ಹೊಟ್ಟಿನಂಥ ತುಕ್ಕು. ಮರದ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಎಲ್ಲಿ ಕೆಂಪು ಹೊಟ್ಟು ಹೆಚ್ಚು ಉದುರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹೊರಗಿನ ತಗಡು ಚೆನ್ನಾಗಿ ಕಂಡರೂ ಅಲ್ಲಿ ಒಳಗಿನ ಪದರ ಹೋಗಿದೆ.

8. ವೆಲ್ಡ್ ಯಾವಾಗಲೂ ನಿಮ್ಮ ಕೈಕೆಳಗೆ ಬರುವಂತೆ ಬಾಡಿ ತಿರುಗಿಸಿ. ಮಲಗಿಕೊಂಡು ಮೇಲ್ಮುಖವಾಗಿ ಒಂದು ಮಿಲಿಮೀಟರಿನ ತಗಡಿಗೆ ಹಾಕಿದ ಬೆಸುಗೆ ಎಷ್ಟು ಪಳಗಿದವರದ್ದಾದರೂ ಉಂಡೆಯಾಗುತ್ತದೆ, ಕಿಡಿ ಕತ್ತಿನೊಳಗೆ ಬೀಳುತ್ತದೆ. ನಮ್ಮ ಟಿಂಕರುಗಳು ವರ್ಷಗಟ್ಟಲೆ ಹಾಗೇ ದುಡಿದು ಬೆನ್ನು, ಕಣ್ಣು ಕಳೆದುಕೊಂಡಿದ್ದಾರೆ. ಈ ಸ್ಟ್ಯಾಂಡ್ ಬೇಕೆನ್ನಲು ನನಗೆ ಅದೊಂದೇ ಕಾರಣ ಸಾಕು.

9. ಕೊನೆಗೆ ಸಿಲ್ಲಿನೊಳಗೆ ಹೊಡೆಯುವ ತುಕ್ಕುನಿರೋಧಕ ಮೇಣ. ಹೊಡೆದ ಮೇಲೆ ಬಾಡಿಯನ್ನು ಎಡಕ್ಕೆ ಅರ್ಧ ಗಂಟೆ, ಬಲಕ್ಕೆ ಅರ್ಧ ಗಂಟೆ ವಾಲಿಸಿಡಿ, ಎಲ್ಲ ಗೋಡೆಗೂ ಹಿಡಿಯುತ್ತದೆ. ಇಳಿಸುವ ಮುನ್ನ ನೀರು ಹೋಗುವ ತೂತುಗಳಿಗೆಲ್ಲ ತಂತಿ ತೂರಿಸಿ ನೋಡಿ. ಮೇಣ ಕಟ್ಟಿಕೊಂಡ ಒಂದು ತೂತು ಸಾಕು, ಮುಂದಿನ ಮಳೆಗಾಲದ ನೀರು ಅಲ್ಲೇ ನಿಲ್ಲುತ್ತದೆ.