ರೋಬೋಟ್ ಕ್ಲ್ಯಾಡಿಂಗ್ ಜಾಬ್‌ವರ್ಕ್: ದರ ಒಪ್ಪುವ ಮುನ್ನ ಮಾಡಬೇಕಾದ ಲೆಕ್ಕ

ತೈಲ ಹಾಗೂ ಅನಿಲ ಬಾವಿಗಳಲ್ಲಿ, ಸಂಸ್ಕರಣಾಗಾರಗಳಲ್ಲಿ ಬಳಕೆಯಾಗುವ ವಾಲ್ವ್, ಪೈಪ್ ಮತ್ತು ಫ್ಲ್ಯಾಂಜ್‌ಗಳ ಒಳಮೈಯನ್ನು ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ಹಾಗೂ ಉಪ್ಪುನೀರು ಕೊರೆದುಹಾಕುತ್ತವೆ. ಇಡೀ ಬಿಡಿಭಾಗವನ್ನು ನಿಕಲ್ ಮಿಶ್ರಲೋಹದಿಂದಲೇ ತಯಾರಿಸಿದರೆ ಬೆಲೆ ಕೈಗೆಟುಕದು. ಆದುದರಿಂದ ಒತ್ತಡ ತಡೆಯುವ ಕೆಲಸವನ್ನು ಸಾಮಾನ್ಯ ಉಕ್ಕಿಗೆ ವಹಿಸಿ, ದ್ರವ ತಾಗುವ ಒಳಮೈಗೆ ಮಾತ್ರ ಸುಮಾರು 3 ಮಿ.ಮೀ. ದಪ್ಪದ ಮಿಶ್ರಲೋಹದ ಪದರವನ್ನು ಬೆಸುಗೆಯಿಂದ ಕೂರಿಸುವ ಪದ್ಧತಿಯಿದೆ. ಇದನ್ನು ಕ್ಲ್ಯಾಡಿಂಗ್ ಅಥವಾ ವೆಲ್ಡ್ ಓವರ್‌ಲೇ ಎನ್ನುತ್ತಾರೆ. ಬೆಸುಗೆಗಾರನ ಕೈ ಹೋಗದ ಕಿರಿದಾದ ರಂಧ್ರದೊಳಗೆ ಉದ್ದನೆಯ ಟಾರ್ಚನ್ನು ಇಳಿಸಿ, ಸುರುಳಿಯಾಗಿ ಸಮನಾದ ಪದರ ಹಾಕುವ ಕೆಲಸವನ್ನು ರೋಬೋಟ್ ಮಾಡುತ್ತದೆ.

ವಾಲ್ವ್ ತಯಾರಿಕೆಗೆ ಹೆಸರಾದ ಹುಬ್ಬಳ್ಳಿಯಂಥ ಊರಿನ ಉದ್ಯಮಿಗಳಿಗೆ ಇದು ಸಹಜವಾಗಿಯೇ ಆಕರ್ಷಕವಾದ ಜಾಬ್‌ವರ್ಕ್. ಬೆಸುಗೆಯ ಶಾಸ್ತ್ರ ಬೋಧಿಸಲು ನಾನು ಇಂಜಿನಿಯರ್ ಅಲ್ಲ. ಆದರೆ ಯಂತ್ರದ ಬೆಲೆ, ಬ್ಯಾಂಕಿನ ಬಡ್ಡಿ, ಕಂತುಗಳನ್ನೆಲ್ಲ ಬರೆದಿಟ್ಟ ಯೋಜನಾ ವರದಿಗಳಲ್ಲಿ ತಂತಿಯ ತೂಕ ಮಾತ್ರ ಅಂದಾಜಿನಲ್ಲೇ ಉಳಿದಿರುವುದನ್ನು ಕಂಡಿದ್ದೇನೆ.

ದಪ್ಪದ ಲೆಕ್ಕ

200 ಮಿ.ಮೀ. ಒಳವ್ಯಾಸದ, 1 ಮೀಟರ್ ಉದ್ದದ ಪೈಪ್ ಒಂದನ್ನು ತೆಗೆದುಕೊಳ್ಳೋಣ. ಇದರೊಳಗೆ 3 ಮಿ.ಮೀ. ಪದರ ಹಾಕಲು ಬೇಕಾಗುವ ಲೋಹದ ಗಾತ್ರ ಸುಮಾರು 1,857 ಘನ ಸೆಂ.ಮೀ. ಹೆಚ್ಚಾಗಿ ಬಳಕೆಯಾಗುವ ಇಂಕೊನೆಲ್ 625 ಮಿಶ್ರಲೋಹದ ಸಾಂದ್ರತೆ 8.44, ಅಂದರೆ 15.7 ಕೆ.ಜಿ. ಕೈ ತಪ್ಪಿ ಪದರ 3.5 ಮಿ.ಮೀ. ಆದರೆ ಹೆಚ್ಚುವರಿ 2.6 ಕೆ.ಜಿ. ಸುರಿದಂತಾಯಿತು. ಲೆಕ್ಕದ ಅನುಕೂಲಕ್ಕಾಗಿ ತಂತಿಯ ದರ ಕೆ.ಜಿ.ಗೆ 4,000 ರೂ. ಎಂದಿಟ್ಟುಕೊಂಡರೆ, ಒಂದೇ ಪೈಪಿನಲ್ಲಿ 10,000 ರೂ.ಗೂ ಮಿಕ್ಕಿ ಹೋಯಿತು. ಗ್ರಾಹಕರು ಇದಕ್ಕೆ ಚಿಕ್ಕಾಸನ್ನೂ ಕೊಡುವುದಿಲ್ಲ.

ಹಾಗೆಂದು ಪದರವನ್ನು ತೆಳುವಾಗಿಸುವಂತೆಯೂ ಇಲ್ಲ. ಬೆಸುಗೆಯ ಶಾಖಕ್ಕೆ ಕೆಳಗಿನ ಉಕ್ಕೂ ಕರಗಿ, ಅದರ ಕಬ್ಬಿಣ ಮೊದಲ ಪದರದಲ್ಲಿ ಬೆರೆಯುತ್ತದೆ. ಇದನ್ನು ಡೈಲ್ಯೂಷನ್ ಎನ್ನುತ್ತಾರೆ. ಕಬ್ಬಿಣ ಹೆಚ್ಚಿದಷ್ಟೂ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ. ಎಪಿಐ 6ಎ ಮಾನದಂಡದಲ್ಲಿ ಎಫ್‌ಇ 5, ಎಫ್‌ಇ 10 ಎಂಬ ಎರಡು ವರ್ಗಗಳಿವೆ; ಮೊದಲನೆಯದಕ್ಕೆ ಕಬ್ಬಿಣದ ಮಿತಿ ಶೇ. 5, ಎರಡನೆಯದಕ್ಕೆ ಶೇ. 10. ಶೇ. 5ರ ಮಿತಿ ಇದ್ದಾಗ ಸಾಮಾನ್ಯವಾಗಿ ಎರಡು ಪದರ ಹಾಕಬೇಕಾಗುತ್ತದೆ, ಯಂತ್ರದ ಸಮಯವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಂತಿಯನ್ನು ವಿದ್ಯುತ್ತಿನಿಂದ ಮೊದಲೇ ಕಾಯಿಸಿ ಉಣಿಸುವ ಹಾಟ್ ವೈರ್ ಟಿಗ್ ವಿಧಾನಕ್ಕೆ ಇಷ್ಟು ಬೇಡಿಕೆ ಇರುವುದಕ್ಕೆ ಈ ಬೆರಕೆಯನ್ನು ಕಡಿಮೆ ಇಡುವ ಗುಣವೇ ಮುಖ್ಯ ಕಾರಣ. ಆದ್ದರಿಂದ ವಿಚಾರಣಾ ಪತ್ರದಲ್ಲಿ ಯಾವ ವರ್ಗ ಕೇಳಿದ್ದಾರೆಂಬುದನ್ನು ನೋಡದೆ ದರ ಬರೆಯಬಾರದು.

ಗಂಟೆಯ ದರ

ಯಂತ್ರದ ವಾರ್ಷಿಕ ವೆಚ್ಚವನ್ನು ಪಾಳಿಯ ಒಟ್ಟು ಗಂಟೆಗಳಿಂದ ಭಾಗಿಸುವುದು ರೂಢಿ. ಇಲ್ಲಿ ಅದು ಸಲ್ಲದು. ಬಿಡಿಭಾಗವನ್ನು ಕೂರಿಸುವುದು, ಪ್ರೋಗ್ರಾಂ ಬರೆಯುವುದು, ಪೂರ್ವಭಾವಿಯಾಗಿ ಕಾಯಿಸುವುದು, ಪದರಗಳ ನಡುವೆ ಶುಚಿಗೊಳಿಸುವುದು, ಇವೆಲ್ಲ ಮುಗಿದ ಮೇಲೆ ಉಳಿಯುವ ಬೆಸುಗೆಯ ಗಂಟೆಗಳಷ್ಟೇ ಗಳಿಕೆಯ ಗಂಟೆಗಳು. ಎರಡು ಮೂರು ನಗಗಳ ಆರ್ಡರ್ ಆದರೆ ಸಿದ್ಧತೆಯ ವೆಚ್ಚವನ್ನು ಪ್ರತ್ಯೇಕವಾಗಿಯೇ ನಮೂದಿಸಿ. ಬರುವ ಕೆಲಸವೆಲ್ಲ ನೇರ ಪೈಪುಗಳೇ ಆಗಿದ್ದರೆ ಆರು ಅಕ್ಷಗಳ ರೋಬೋಟ್ ತೋಳು ದುಂದೆಂದೇ ನನ್ನ ಅಭಿಪ್ರಾಯ; ಪೈಪನ್ನು ತಿರುಗಿಸುವ ಸರಳ ಯಂತ್ರ ಸಾಕು. ಒಂದಕ್ಕೊಂದು ಅಡ್ಡ ಹಾಯುವ ರಂಧ್ರಗಳುಳ್ಳ ವಾಲ್ವ್ ಬಾಡಿಗಳಿಗೆ ತೋಳು ಬೇಕು.

ಲೆಕ್ಕಪತ್ರದಲ್ಲಿ ಗಮನಿಸಬೇಕಾದ ಎರಡು ಸಂಗತಿ: ಯಂತ್ರದ ಪರೀಕ್ಷಾ ಚಾಲನೆಯ ವೆಚ್ಚವನ್ನು ಎಎಸ್ 10ರ ಪ್ರಕಾರ ಆಸ್ತಿಯ ಮೌಲ್ಯಕ್ಕೆ ಸೇರಿಸಬಹುದು, ಸಿಬ್ಬಂದಿಯ ತರಬೇತಿ ವೆಚ್ಚವನ್ನು ಸೇರಿಸುವಂತಿಲ್ಲ. ಅಸಹಜ ಪ್ರಮಾಣದಲ್ಲಿ ಪೋಲಾದ ತಂತಿಯನ್ನು ಎಎಸ್ 2ರಂತೆ ದಾಸ್ತಾನಿನ ಮೌಲ್ಯದಲ್ಲಿ ಅಡಗಿಸಿಡದೆ ಆ ವರ್ಷದ ಖರ್ಚಿಗೇ ಬರೆಯಬೇಕು.

ಪರರ ಸೊತ್ತಿನ ಹೊಣೆ

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಬೆಸುಗೆಯ ಶುಲ್ಕ ಸಾವಿರಗಳಲ್ಲಿದ್ದರೆ, ಗ್ರಾಹಕರು ಕಳುಹಿಸಿದ ಫೋರ್ಜಿಂಗಿನ ಬೆಲೆ ಲಕ್ಷಗಳಲ್ಲಿರಬಹುದು. ಡೈ ಪೆನಿಟ್ರಂಟ್ ಪರೀಕ್ಷೆಯಲ್ಲಿ ಬಿರುಕು ಕಂಡರೆ ಪೂರ್ಣ ಬೆಲೆ ತುಂಬಿಕೊಡಬೇಕೆಂಬ ಷರತ್ತನ್ನು ಆರ್ಡರ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿದ್ದನ್ನು ನಾನೇ ಓದಿದ್ದೇನೆ. ಅಂಥ ಒಂದು ತಿರಸ್ಕಾರ ಇಡೀ ತಿಂಗಳ ಲಾಭವನ್ನು ನುಂಗಬಲ್ಲದು. ಹೊಣೆಯನ್ನು ಬೆಸುಗೆ ಶುಲ್ಕಕ್ಕೆ ಸೀಮಿತಗೊಳಿಸಿ, ಒಂದು ಬಾರಿಯ ದುರಸ್ತಿಗೆ ಅವಕಾಶ ಬರೆಸಿಕೊಳ್ಳಿ. ಮೂಲ ಫೋರ್ಜಿಂಗಿನಲ್ಲೇ ದೋಷವಿದ್ದರೆ ಹೊಣೆ ಯಾರದೆಂಬುದೂ ಲಿಖಿತವಾಗಿರಲಿ. ಬೆಂಕಿ ವಿಮೆಯಲ್ಲಿ ಪರರ ಸರಕು ಸೇರಿದೆಯೇ ಎಂದು ವಿಮಾ ಕಂಪನಿಯಿಂದ ಖಚಿತಪಡಿಸಿಕೊಳ್ಳಿ. ಕೆಲಸದ ದೋಷದಿಂದಾದ ನಷ್ಟವನ್ನು ಆ ಪಾಲಿಸಿ ಭರಿಸುವುದಿಲ್ಲ.

ಇನ್ನು ಜಿಎಸ್‌ಟಿ. ತಂತಿ ನಿಮ್ಮದೇ ಆಗಿದ್ದರೂ ಇದು ಜಾಬ್‌ವರ್ಕ್ ಆಗಬಲ್ಲದೆಂದು 2018ರ ಮಾರ್ಚ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ಕಳುಹಿಸಿದ ಸರಕು ಒಂದು ವರ್ಷದೊಳಗೆ ಮರಳದಿದ್ದರೆ, ಅವಧಿ ವಿಸ್ತರಣೆಯೂ ಇಲ್ಲದಿದ್ದರೆ, ಕಳುಹಿಸಿದ ದಿನವೇ ಮಾರಾಟವಾಯಿತೆಂದು ಪರಿಗಣಿಸಲಾಗುತ್ತದೆ. ತೆರಿಗೆ ಕಟ್ಟಬೇಕಾದವರು ಮಾಲೀಕರಾದರೂ, ತಿರಸ್ಕೃತ ನಗಗಳು ವಿವಾದದಲ್ಲಿ ನಿಮ್ಮ ಅಂಗಳದಲ್ಲೇ ಉಳಿಯುವುದರಿಂದ ಪ್ರತಿ ಚಲನ್‌ನ ದಿನಾಂಕವನ್ನು ನೀವೂ ಗುರುತು ಹಾಕಿಟ್ಟುಕೊಳ್ಳಿ.